ಕೀಲಿಕೈ ಕೊಡುವ ದಿನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಮನೆ ಮಾರಿ ನೋಡು ಎಂಬ ಮಾತನ್ನು ಅವರು ಅದಕ್ಕೆ ಸೇರಿಸಲಿಲ್ಲ. ಬಹುಶಃ ಅವರ ಕಾಲದಲ್ಲಿ ಮನೆಯನ್ನು ಮಾರುವ ಪ್ರಸಂಗ ಅಪರೂಪವಾಗಿತ್ತು. ಬಂದರೂ ಅದು ದುರ್ದೆಸೆಯ ಗುರುತಾಗಿತ್ತು. ಈಗ ಹಾಗಿಲ್ಲ. ಮಕ್ಕಳ ಓದಿಗಾಗಿ, ನಿವೃತ್ತಿಯ ನಂತರದ ನೆಮ್ಮದಿಗಾಗಿ, ಚಿಕಿತ್ಸೆಯ ವೆಚ್ಚಕ್ಕಾಗಿ, ಅಥವಾ ದೊಡ್ಡ ಮನೆಯನ್ನು ನೋಡಿಕೊಳ್ಳುವ ಶಕ್ತಿ ಕುಂದಿದ ಕಾರಣಕ್ಕಾಗಿ ಸಾಮಾನ್ಯ ಕುಟುಂಬಗಳೂ ಸ್ವಂತ ಮನೆಯನ್ನು ಮಾರಿ, ಇನ್ನೊಂದು ನೆಲೆ ಸಿದ್ಧವಾಗುವ ತನಕ ಬಾಡಿಗೆ ಮನೆಗೆ ಹೋಗುತ್ತವೆ. ಪ್ರಿಯ ಓದುಗರೇ, ನಿಮ್ಮಲ್ಲಿ ಕೆಲವರು ಈ ದಾರಿಯಲ್ಲಿ ನಡೆದಿರಬಹುದು, ಇನ್ನು ಕೆಲವರು ನಡೆಯಲಿರಬಹುದು. ಈ ದಾರಿಯಲ್ಲಿ ಎದುರಾಗುವ ಒಂದು ಸಣ್ಣ ಪ್ರಶ್ನೆಯನ್ನು ನಿಮ್ಮ ಮುಂದಿಡಲು ಬಯಸುತ್ತೇನೆ: ಮಾರಿದ ಮನೆಯಿಂದ ಎಂದು ಹೊರಡಬೇಕು?

ಮೇಲ್ನೋಟಕ್ಕೆ ಇದು ಲೆಕ್ಕದ ಪ್ರಶ್ನೆ. ಬೇಗ ಹೊರಟರೆ ಬಾಡಿಗೆ ದಂಡ. ತಡವಾಗಿ ಹೊರಟರೆ ಬಾಡಿಗೆ ಉಳಿತಾಯ. ನೆಂಟರು, ನೆರೆಯವರು, ಮಧ್ಯವರ್ತಿಗಳು ಎಲ್ಲರೂ ಈ ಲೆಕ್ಕವನ್ನೇ ಹೇಳುತ್ತಾರೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಯ ಮೇಲೆ ಸಾಲಾಗಿರುವ ಊರುಗಳು. ಈ ಭಾಗದಲ್ಲಿ ಲೆಕ್ಕ ಇನ್ನಷ್ಟು ಜಟಿಲ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಂಬಿದ ಕೊಳ್ಳುವವನು ಹಣವನ್ನು ಭತ್ತ ಮಾರಿದ ಮೇಲೆ ಕೊಡುತ್ತಾನೆ. ಬಾಡಿಗೆ ಮನೆಗಳು ಬಹುಮಟ್ಟಿಗೆ ತೆರವಾಗುವುದು ಶಾಲೆಗಳ ಬೇಸಿಗೆ ರಜೆಯಲ್ಲಿ, ಸರ್ಕಾರಿ ನೌಕರರ ವರ್ಗಾವಣೆಯ ಕಾಲದಲ್ಲಿ. ಆಷಾಢ ಬಂದರೆ ಹೊಸ ಮನೆ ಹೊಗಲು ಅನೇಕರು ಒಪ್ಪುವುದಿಲ್ಲ. ಭತ್ತದ ಪಂಚಾಂಗ, ಶಾಲೆಯ ಪಂಚಾಂಗ, ಗೋಡೆಯ ಮೇಲಿನ ಪಂಚಾಂಗ, ಈ ಮೂರೂ ಒಂದೇ ದಿನಕ್ಕೆ ಕೂಡಿಬರುವುದು ದುರ್ಲಭ. ಹೀಗೆ ಕೂಡಿಬರದ ದಿನಗಳ ಭಾರವನ್ನು ಯಾರು ಹೊರಬೇಕು? ಲೆಕ್ಕದ ಪ್ರಶ್ನೆ ಧರ್ಮದ ಪ್ರಶ್ನೆಯಾಗುವುದು ಇಲ್ಲಿಯೇ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನನ್ನದೇ ತಪ್ಪಿನಿಂದ ಕಲಿತವನು. ಕೆಲವು ವರ್ಷಗಳ ಹಿಂದೆ ನಾವು ಸಿಂಧನೂರಿನ ಮನೆಯನ್ನು ಮಾರಲು ನಿಶ್ಚಯಿಸಿದೆವು. ಲಿಂಗಸುಗೂರಿನಲ್ಲಿದ್ದ ಚಿಕ್ಕ ನಿವೇಶನದಲ್ಲಿ ಎರಡು ಕೋಣೆಗಳ ಮನೆಯೊಂದನ್ನು ಕಟ್ಟಿಕೊಳ್ಳುವುದು, ಅಲ್ಲಿಯವರೆಗೆ ಅದೇ ಊರಿನಲ್ಲಿ ಬಾಡಿಗೆಗೆ ಇರುವುದು ನಮ್ಮ ಯೋಜನೆ. ಕೊಳ್ಳಲು ಬಂದವನು ತಾಲ್ಲೂಕಿನ ಒಂದು ಹಳ್ಳಿಯ ರೈತ. ಮಕ್ಕಳ ಶಾಲೆಗೋಸ್ಕರ ಸಿಂಧನೂರಿನಲ್ಲಿ ಬಾಡಿಗೆಗಿದ್ದ. ಮುಂಗಾರಿನ ಭತ್ತ ಮಾರಿದ ಹಣವನ್ನೂ ಬ್ಯಾಂಕಿನ ಸಾಲವನ್ನೂ ಕೂಡಿಸಿ, ಹೇಳಿದ ಮಾತಿನಂತೆ ಏಪ್ರಿಲ್ 18ರಂದು ಪೂರ್ತಿ ಹಣ ಕೊಟ್ಟು ನೋಂದಣಿ ಮಾಡಿಸಿಕೊಂಡ. ‘15 ದಿನಗಳಲ್ಲಿ ಮನೆ ಬಿಟ್ಟುಕೊಡುತ್ತೇನೆ’ ಎಂದು ನಾನು ಮಾತು ಕೊಟ್ಟೆ. ಅದನ್ನು ಕಾಗದದಲ್ಲಿ ಬರೆಯುವ ಅಗತ್ಯ ನಮ್ಮಿಬ್ಬರಿಗೂ ತೋರಲಿಲ್ಲ.

ನಿಜ ಹೇಳಬೇಕೆಂದರೆ, ಏಪ್ರಿಲ್ ಒಂದರಿಂದಲೇ ಲಿಂಗಸುಗೂರಿನಲ್ಲಿ ಒಂದು ಮನೆ ಖಾಲಿಯಿತ್ತು. ಬಾಡಿಗೆ ತಿಂಗಳಿಗೆ 6,000 ರೂ. ಆದರೆ ಜೂನ್ ಆರಂಭದಲ್ಲಿ 4,500 ರೂ. ಬಾಡಿಗೆಯ ಇನ್ನೊಂದು ಮನೆ ತೆರವಾಗುವುದಿತ್ತು. ಅದರಲ್ಲಿದ್ದ ನೌಕರರು ವರ್ಗಾವಣೆಯ ಆದೇಶಕ್ಕಾಗಿ ಕಾಯುತ್ತಿದ್ದರು. ಸ್ವಂತ ಮನೆಯಲ್ಲಿ ಇರುವಾಗಲೇ ಇನ್ನೊಂದು ಮನೆಗೆ ಬಾಡಿಗೆ ಕಟ್ಟುವುದು ನನಗೆ ವ್ಯರ್ಥವೆನಿಸಿತು. ಏಪ್ರಿಲ್, ಮೇ ಎರಡು ತಿಂಗಳ 12,000 ರೂ. ಉಳಿಯಿತಲ್ಲ ಎಂದುಕೊಂಡೆ. 15 ದಿನ ಕಳೆದವು. ‘ಇನ್ನೊಂದು ವಾರ’ ಎಂದೆ. ಆ ವಾರವೂ ಕಳೆಯಿತು. ಕೊಂಡವನು ಎರಡು ಸಲ ಬಾಗಿಲಿಗೆ ಬಂದ. ಎರಡು ಸಲವೂ ಕಟ್ಟೆಯ ಮೇಲೆ ಕುಳಿತು, ನೀರು ಕುಡಿದು, ‘ಆಗಲಿ ಸರ್, ನಿಮ್ಮ ಅನುಕೂಲ’ ಎಂದು ಹೊರಟುಹೋದ. ನೋಂದಣಿಯಾದ 47ನೆಯ ದಿನ, ಜೂನ್ 4ರಂದು, ನಾವು ಮನೆ ಖಾಲಿ ಮಾಡಿದೆವು.

ಕೀಲಿಕೈ ಕೊಡುವ ದಿನ ಅವನ ಸಂಸಾರವೆಲ್ಲ ಬಂದಿತ್ತು. ಆಗ ಎಲ್ಲವೂ ತಿಳಿಯಿತು. ನನ್ನ 15 ದಿನಗಳ ಮಾತನ್ನು ನಂಬಿ ಅವನು ತನ್ನ ಬಾಡಿಗೆ ಮನೆಯನ್ನು ಬಿಡುವುದಾಗಿ ಮಾಲೀಕರಿಗೆ ಹೇಳಿದ್ದ. ಅವರು ಅದನ್ನು ಬೇರೊಬ್ಬರಿಗೆ ಒಪ್ಪಿಸಿಯಾಗಿತ್ತು. ಒಂದು ತಿಂಗಳು ಹೆಂಡತಿ, ಮೂವರು ಮಕ್ಕಳು, ವೃದ್ಧ ತಾಯಿ ಹಳ್ಳಿಯಲ್ಲಿ ಅಣ್ಣನ ಮನೆಯ ಒಂದೇ ಕೋಣೆಯಲ್ಲಿದ್ದರು. ಸಾಮಾನುಗಳೆಲ್ಲ ದನದ ಕೊಟ್ಟಿಗೆಯ ಪಕ್ಕ ತಾಡಪಾಲಿನ ಅಡಿಯಲ್ಲಿದ್ದವು. ಮೇ ತಿಂಗಳ ಮಧ್ಯದಲ್ಲಿ ಗಾಳಿಮಳೆ ಬಂದಾಗ ತಾಡಪಾಲು ಹಾರಿ, ಮಕ್ಕಳ ಪುಸ್ತಕಗಳು ನೆನೆದುಹೋದವು; ಹೆಂಡತಿಯ ಹೊಲಿಗೆ ಯಂತ್ರ ಕೆಟ್ಟಿತು. ಇದೊಂದನ್ನೂ ಅವನು ನನಗೆ ಹೇಳಿರಲಿಲ್ಲ. ಹೇಳಿದವಳು ಅವನ ಚಿಕ್ಕ ಮಗಳು. ಅಷ್ಟರಲ್ಲಿ ಆ ಮುದುಕಿ ನನ್ನ ಹತ್ತಿರ ಬಂದು, ‘ಕಡೀಗೂ ಮನಿ ಸಿಕ್ತೇನ್ರೀ? ಈ ವಯಸ್ಸಿನ್ಯಾಗ ನಿಮಗೂ ಭಾಳ ತ್ರಾಸ ಆತು’ ಎಂದಳು. ಅವಳ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ನನಗೆ ಮನೆ ಸಿಗದೆ ಒದ್ದಾಡುತ್ತಿರುವೆನೆಂದು ಅವರೆಲ್ಲ ನಂಬಿದ್ದರು. ನಾನು ಉಳಿಸಿದ 12,000 ರೂಪಾಯಿಗಳು ಯಾರ ಕೋಣೆಯಿಂದ, ಯಾರ ಪುಸ್ತಕಗಳಿಂದ ಬಂದವೆಂಬುದು ಆಗ ಅರಿವಾಯಿತು. ಹೊಲಿಗೆ ಯಂತ್ರದ ದುರಸ್ತಿಗೆ ಹಣ ಕೊಡಲು ಹೋದೆ, ಅವನು ತೆಗೆದುಕೊಳ್ಳಲಿಲ್ಲ.

ಈ ಪ್ರಸಂಗವನ್ನು ಕೇಳಿದ ಮಿತ್ರರೊಬ್ಬರು, ‘ಹಾಗಾದರೆ ಮಾರುವವನು ಆದಷ್ಟು ಬೇಗ ಮನೆ ಬಿಟ್ಟುಬಿಡುವುದೇ ಧರ್ಮವೆನ್ನೋಣ’ ಎಂದರು. ಅದೂ ಅಷ್ಟು ಸರಳವಲ್ಲ. ಮಸ್ಕಿಯ ಪರಿಚಿತ ಕುಟುಂಬವೊಂದು 2024ರ ಜುಲೈಯಲ್ಲಿ ಮನೆ ಮಾರಾಟದ ಕರಾರು ಮಾಡಿಕೊಂಡು, ಸಂಚಕಾರ ಪಡೆದ ಮರುವಾರವೇ ಸಿಂಧನೂರಿನ ಬಾಡಿಗೆ ಮನೆಗೆ ಹೊರಟಿತು. ಮಗಳ ಕಾಲೇಜಿಗೆ ಅದು ಅನುಕೂಲವಾಗಿತ್ತು. ಉಳಿದ ಹಣವನ್ನು ಬೆಳೆ ಬಂದ ಮೇಲೆ ಕೊಡುವುದೆಂದು ಮಾತಾಗಿತ್ತು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಹೊಳೆಗೆ ಹರಿದುಹೋಗುತ್ತಿದ್ದ ನೀರನ್ನು ಕಂಡು ಅಚ್ಚುಕಟ್ಟಿನ ರೈತರೆಲ್ಲ ಕಂಗಾಲಾದರು. ತಂತ್ರಜ್ಞರು ಒಂದು ವಾರದಲ್ಲಿಯೇ ತಾತ್ಕಾಲಿಕ ಗೇಟು ಅಳವಡಿಸಿ ನೀರನ್ನು ತಡೆದರು. ಮುಂದೆ ಜಲಾಶಯಕ್ಕೆ ನೀರೂ ಬಂತು. ಆದರೆ ಆ ವಾರದ ಭಯ ಕೊಳ್ಳುವವನ ಮನಸ್ಸಿನಿಂದ ಹೋಗಲಿಲ್ಲ. ಅವನು ಮೊದಲು ಸಮಯ ಕೇಳಿದ, ಆಮೇಲೆ ಹಿಂದೆ ಸರಿದ. ಖಾಲಿ ಮನೆಗೆ ಗೆದ್ದಲು ಹಿಡಿಯಿತು. ಒಂಬತ್ತು ತಿಂಗಳು ಬಾಡಿಗೆ ಕಟ್ಟಿ ಸೋತ ಕುಟುಂಬ ಕೊನೆಗೆ ಬಂದ ಬೆಲೆಗೆ ಮನೆಯನ್ನು ಕೊಟ್ಟಿತು. ಬಾಡಿಗೆಯ ಒತ್ತಡದಲ್ಲಿರುವವನಿಗೆ ‘ಈ ಬೆಲೆಗೆ ಕೊಡಲಾರೆ’ ಎನ್ನುವ ಸ್ವಾತಂತ್ರ್ಯ ಉಳಿಯುವುದಿಲ್ಲ. ಇನ್ನೊಬ್ಬರಿಗೆ ಅನ್ಯಾಯ ಮಾಡಬಾರದೆಂಬಂತೆ, ತನ್ನ ಹೆಂಡತಿ ಮಕ್ಕಳ ಪಾಲಿನದನ್ನು ಅವಿವೇಕದಿಂದ ಕಳೆಯಬಾರದೆಂಬುದೂ ಕರ್ತವ್ಯವೇ ಅಲ್ಲವೇ?

ಹಾಗಾದರೆ ಗೆರೆ ಎಲ್ಲಿದೆ? ಮೊದಲು ಕಾನೂನು ಹೇಳುವುದನ್ನು ಕೇಳೋಣ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಮಾರಾಟದ ಕರಾರು ಮಾತ್ರದಿಂದ ಮನೆ ಕೊಳ್ಳುವವನದಾಗುವುದಿಲ್ಲ. ನೋಂದಾಯಿತ ಕ್ರಯಪತ್ರದಿಂದ ಆಗುತ್ತದೆ. ಕರಾರಿನ ದಿನದಿಂದ ಸ್ವಾಧೀನ ಕೊಡುವ ದಿನದವರೆಗೆ ಮಾರುವವನು ಆ ಮನೆಯನ್ನು ವಿವೇಕಿಯಾದ ಮಾಲೀಕನಂತೆ ಕಾಪಾಡಬೇಕು. ಅಂದರೆ ಇಲ್ಲಿ ಮೂರು ದಿನಗಳಿವೆ: ಮಾತು ಕೊಟ್ಟ ದಿನ, ಒಡೆತನ ಬದಲಾದ ದಿನ, ಕೀಲಿಕೈ ಕೊಟ್ಟ ದಿನ. ಮೊದಲ ಎರಡರ ನಡುವೆ ಮನೆ ನಮ್ಮದೇ, ಆದರೆ ಇನ್ನೊಬ್ಬನ ಆಸೆ ಅದರಲ್ಲಿ ನೆಟ್ಟಿರುತ್ತದೆ. ಕೊನೆಯ ಎರಡರ ನಡುವೆ ಮನೆ ಅವನದೇ, ಆದರೆ ನಮ್ಮ ಸಾಮಾನು ಅದರಲ್ಲಿರುತ್ತದೆ. ನಾನು ಕಳೆದ 47 ದಿನಗಳು ಈ ಎರಡನೆಯ ಅವಧಿಗೆ ಸೇರಿದವು. ಆ ದಿನಗಳಲ್ಲಿ ಬೆಳಿಗ್ಗೆ ಬಾಗಿಲು ತೆರೆದು ಅಂಗಳಕ್ಕೆ ನೀರು ಹಾಕುವಾಗ ಅದು ನನ್ನ ಅಂಗಳವೆಂದೇ ಭಾವಿಸಿದ್ದೆ. ಅಭ್ಯಾಸ ಮನುಷ್ಯನನ್ನು ಎಷ್ಟು ಸುಲಭವಾಗಿ ವಂಚಿಸುತ್ತದೆ!

ಧರ್ಮಗ್ರಂಥದಲ್ಲಿ ಪ್ರವಾದಿ ಯೆರೆಮೀಯನು ಹೊಲ ಕೊಂಡ ವೃತ್ತಾಂತ ನಿಮಗೆ ನೆನಪಿರಬಹುದು. ಶತ್ರುಸೈನ್ಯ ಜೆರುಸಲೇಮನ್ನು ಮುತ್ತಿದೆ, ಅವನೇ ಸೆರೆಯಲ್ಲಿದ್ದಾನೆ. ಆಗ ಚಿಕ್ಕಪ್ಪನ ಮಗನಿಂದ ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿಗೆ ಕೊಳ್ಳುತ್ತಾನೆ. ಸಾಕ್ಷಿಗಳ ಮುಂದೆ ಬೆಳ್ಳಿಯನ್ನು ತೂಗಿ ಕೊಟ್ಟು, ಪತ್ರಕ್ಕೆ ಮುದ್ರೆ ಹಾಕಿಸಿ, ಬಹುಕಾಲ ಉಳಿಯಲೆಂದು ಮಣ್ಣಿನ ಪಾತ್ರೆಯಲ್ಲಿ ಇರಿಸುತ್ತಾನೆ. ಆ ಹೊಲಕ್ಕೆ ಕಾಲಿಡುವ ದಿನ ಬಹಳ ದೂರವಿದೆಯೆಂಬುದನ್ನು ಅರಿತೇ ಅವನು ಕೊಂಡನು. ಅವನಿಂದ ಯಾರೂ ಏನನ್ನೂ ಮುಚ್ಚಿಡಲಿಲ್ಲ. ಈ ವೃತ್ತಾಂತದಿಂದ ನನಗೆ ಹೊಳೆದದ್ದಿಷ್ಟು: ತಡವಾಗುವುದೇ ಪಾಪವಲ್ಲ. ಮೊದಲೇ ತಿಳಿದು ಒಪ್ಪಿಕೊಂಡ ತಡವನ್ನು ಮನುಷ್ಯನು ಭರವಸೆಯಿಂದ ಕಾಯುತ್ತಾನೆ, ಅದಕ್ಕೆ ತಕ್ಕಂತೆ ತನ್ನ ಸಂಸಾರವನ್ನು ಸಜ್ಜುಗೊಳಿಸುತ್ತಾನೆ. ಹಣ ಕೊಟ್ಟ ಮೇಲೆ ಹೇರಲ್ಪಟ್ಟ ತಡವಾದರೋ ಅವನನ್ನು ಅಸಹಾಯಕನನ್ನಾಗಿಸುತ್ತದೆ. ನಾನು ಏಪ್ರಿಲ್ ತಿಂಗಳಲ್ಲಿಯೇ ‘ಜೂನ್‌ವರೆಗೆ ಬಿಡಲಾರೆ’ ಎಂದಿದ್ದರೆ ಆ ರೈತ ತನ್ನ ಬಾಡಿಗೆ ಮನೆಯನ್ನು ಉಳಿಸಿಕೊಳ್ಳುತ್ತಿದ್ದ. ಅಥವಾ ಬೆಲೆಯಲ್ಲಿ ಸ್ವಲ್ಪ ಕಡಿಮೆ ಕೇಳುತ್ತಿದ್ದ. ಅದನ್ನು ತಪ್ಪಿಸಲೆಂದೇ ನಾನು ಹೇಳಲಿಲ್ಲವೇನೋ ಎಂಬ ಸಂದೇಹ ಈಗಲೂ ನನ್ನನ್ನು ಬಿಟ್ಟಿಲ್ಲ.

ಆದುದರಿಂದ ಈ ವಿಷಯದಲ್ಲಿ ನಾನು ಕಂಡುಕೊಂಡ ಕ್ರಮವನ್ನು ವಿನಯದಿಂದ ಹೇಳುತ್ತೇನೆ. ಮೊದಲನೆಯದಾಗಿ, ಕಾಗದಗಳು ಕೈಯಲ್ಲಿಲ್ಲದೆ ಯಾರಿಗೂ ದಿನಾಂಕ ಹೇಳಬಾರದು. 2024ರಲ್ಲಿ ನೋಂದಣಿಗೆ ಇ-ಖಾತಾ ಕಡ್ಡಾಯವಾದ ಮೇಲೆ, ಹಳೆಯ ಮನೆಗಳ ಅಳತೆಯಲ್ಲೋ ಹೆಸರಿನಲ್ಲೋ ಸಣ್ಣ ದೋಷವಿದ್ದರೂ ವಾರಗಟ್ಟಲೆ ಕಾಯಬೇಕಾಗುತ್ತದೆ. ಇ-ಖಾತಾ, ಋಣಭಾರ ಪ್ರಮಾಣಪತ್ರ ಮೊದಲು; ಮಾತು ಆಮೇಲೆ. ಎರಡನೆಯದಾಗಿ, ಕೊಳ್ಳುವವನ ಹಣ ಎಲ್ಲಿದೆಯೆಂದು ಸಂಕೋಚವಿಲ್ಲದೆ ಕೇಳಬೇಕು. ಬ್ಯಾಂಕು ಸಾಲ ಮಂಜೂರು ಮಾಡಿದೆಯೇ, ಭತ್ತ ಗೋದಾಮಿನಲ್ಲಿದೆಯೇ, ಇನ್ನೂ ಗದ್ದೆಯಲ್ಲಿದೆಯೇ? ಗದ್ದೆಯಲ್ಲಿರುವ ಹಣವನ್ನು ನಂಬಿ ಮನೆ ಬಿಡುವುದು ಬೇಡ. ಮೂರನೆಯದಾಗಿ, ಹಣ ಖಚಿತವಾದ ಕೂಡಲೇ ಬಾಡಿಗೆ ಮನೆಯನ್ನು ಹಿಡಿಯಬೇಕು, ನೋಂದಣಿಗೆ ಮುಂಚಿನ ಎರಡು ಮೂರು ವಾರಗಳಲ್ಲಿ ಸಾಗಬೇಕು. ಆ ಕೆಲವು ವಾರ ಎರಡು ಮನೆಗಳ ಭಾರ ನಮ್ಮ ಮೇಲಿರುತ್ತದೆ. ಇರಲಿ. ಮಾರಾಟದ ದಿನ ಆರಿಸಿದವರು ನಾವು, ಹಣ ಪಡೆಯುವವರು ನಾವು. ಆ ಖರ್ಚೂ ನಮ್ಮದೇ ಆಗಬೇಕು. 30 ಲಕ್ಷ ರೂಪಾಯಿಗೆ ಮಾರುವ ಮನೆಯಲ್ಲಿ 6,000 ರೂಪಾಯಿ ನೂರಕ್ಕೆ ಕಾಲು ಭಾಗವೂ ಅಲ್ಲ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಸಹಿ ಮಾಡಿದ ಕೈಯಿಂದಲೇ ಕೀಲಿಕೈಯನ್ನೂ ಕೊಟ್ಟು ಬರುವ ನೆಮ್ಮದಿಗೆ ಅದು ದುಬಾರಿಯಲ್ಲ.

ಆದರೆ ಎಲ್ಲರ ಕೈಯಲ್ಲಿಯೂ ಮುಂಗಡವಾಗಿ ಹಣವಿರುವುದಿಲ್ಲ. ಬಾಡಿಗೆ ಮನೆಯ ಠೇವಣಿಯನ್ನೇ ಮಾರಾಟದ ಹಣದಿಂದ ಕೊಡಬೇಕಾದ ಕುಟುಂಬಗಳಿವೆ. ಅಂಥವರು ನಾಚಿಕೊಳ್ಳಬೇಕಾಗಿಲ್ಲ, ಕರಾರು ಬರೆಯುವಾಗಲೇ ಸತ್ಯವನ್ನು ಹೇಳಿದರೆ ಸಾಕು. ನೋಂದಣಿಯಾದ ಮೇಲೆ ಇಂತಿಷ್ಟು ದಿನ ಇರುತ್ತೇವೆ, ಆ ದಿನಗಳಿಗೆ ಕೊಂಡವನಿಗೇ ಬಾಡಿಗೆ ಕೊಡುತ್ತೇವೆ, ಕೀಲಿಕೈ ಕೊಡುವ ತನಕ ಬೆಲೆಯ ಒಂದು ಭಾಗ ಅವನಲ್ಲಿಯೇ ಉಳಿಯಲಿ ಎಂದು ಬರೆದುಕೊಡಬಹುದು. ಹೀಗೆ ಬರೆದಾಗ ನಮ್ಮ ತಡಕ್ಕೆ ನಾವೇ ಬೆಲೆ ತೆರುತ್ತೇವೆ. ಬಾಯಿಮಾತಿನ ‘ಇನ್ನೊಂದು ವಾರ’ಕ್ಕೆ ಬೆಲೆ ತೆರುವವನು ಯಾವಾಗಲೂ ಇನ್ನೊಬ್ಬ.

ಈ ವ್ಯವಹಾರದಲ್ಲಿ ನಾವು ಮರೆತುಬಿಡುವ ಮತ್ತೊಬ್ಬ ವ್ಯಕ್ತಿಯುಂಟು. ಅವರು ನಮಗೆ ಮನೆ ಬಾಡಿಗೆಗೆ ಕೊಡುವವರು. ಒಂದು ವರ್ಷಕ್ಕೆ ಮೀರಿದ ಬಾಡಿಗೆಯ ಕರಾರನ್ನು ನೋಂದಾಯಿಸಬೇಕೆಂಬ ಕಾನೂನಿರುವುದರಿಂದ 11 ತಿಂಗಳ ಕರಾರು ಬರೆಯುವ ವಾಡಿಕೆ ನಮ್ಮಲ್ಲಿ ಬೇರೂರಿದೆ. ನಾಲ್ಕೇ ತಿಂಗಳಲ್ಲಿ ಹೊಸ ಮನೆ ಮುಗಿಯುತ್ತದೆಂದು ನಮಗೆ ಗೊತ್ತಿದ್ದರೂ ನಾವು ಸುಮ್ಮನೆ 11 ತಿಂಗಳಿಗೆ ಸಹಿ ಹಾಕುತ್ತೇವೆ. ಆ ಬಾಡಿಗೆಯನ್ನೇ ನಂಬಿದ ವಿಧವೆಯೋ ನಿವೃತ್ತರೋ ನಡುವರ್ಷದಲ್ಲಿ ಖಾಲಿ ಮನೆಯೊಂದಿಗೆ ಉಳಿಯುತ್ತಾರೆ. ತಿಂಗಳ ಬಾಡಿಗೆಗೆ 15 ದಿನಗಳ ಸೂಚನೆ ಸಾಕೆಂದು ಕಾನೂನು ಹೇಳಬಹುದು. ಆದರೆ ನಮಗೆ ತಿಳಿದಿದ್ದನ್ನು ಮೊದಲ ದಿನವೇ ಹೇಳದಿರಲು ಅದು ನೆಪವಾಗಬಾರದು. ಹಾಗೆಯೇ, ನಾವು ಹೋಗುವ ಮನೆಯಲ್ಲಿ ಈಗಾಗಲೇ ಒಂದು ಕುಟುಂಬವಿದ್ದರೆ, ನಮ್ಮ ದಿನಾಂಕಕ್ಕಾಗಿ ಅವರನ್ನು ಅವಸರಪಡಿಸುವ ಅಧಿಕಾರ ನಮಗಿಲ್ಲ. ಒಂದು ಮನೆಯ ಬಾಗಿಲು ತಡವಾಗಿ ತೆರೆದರೆ ಅದರ ಹಿಂದಿನ ನಾಲ್ಕು ಬಾಗಿಲುಗಳು ತಡವಾಗುತ್ತವೆ.

ನಾವು ವಾಸಿಸುವ ಈ ಭಾಗ ತಾತ್ಕಾಲಿಕ ವಾಸದ ನೆನಪುಗಳಿಂದ ತುಂಬಿದೆ. ತುಂಗಭದ್ರಾ ಅಣೆಕಟ್ಟಿನ ನೀರು ಹರಿದ ಮೇಲೆ ಆಂಧ್ರದ ಕರಾವಳಿಯಿಂದ ಜಮೀನು ಮಾರಿ ಬಂದ ರೈತರು ಸಿಂಧನೂರಿನ ಸುತ್ತ ಗುಡಿಸಲು ಹಾಕಿಕೊಂಡರು. ಆ ನೆಲೆಗಳಿಗೆ ‘ಕ್ಯಾಂಪ್’ ಎಂಬ ಹೆಸರು ಬಂತು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೂ ಸಿಂಧನೂರಿನ ಬಳಿಯೇ ಪುನರ್ವಸತಿ ಕ್ಯಾಂಪುಗಳಾದವು. ಅವರಿಗೆ ಹೊರಡುವ ದಿನವನ್ನು ಆರಿಸುವ ಭಾಗ್ಯವೇ ಇರಲಿಲ್ಲ. ಲಿಂಗಸುಗೂರನ್ನು ಹಿರಿಯರು ಇಂದಿಗೂ ‘ಛಾವಣಿ’ ಎನ್ನುತ್ತಾರೆ. ಸೈನ್ಯ ಬಂದು ತಂಗಿದ್ದ ಕಾಲದ ಹೆಸರದು. ಕ್ಯಾಂಪ್, ಛಾವಣಿ ಎರಡೂ ಕೆಲಕಾಲದ ವಾಸವನ್ನು ಸೂಚಿಸುವ ಮಾತುಗಳು. ಆದರೆ ಜನ ಅಲ್ಲಿ ಬೇವು ನೆಟ್ಟರು, ಮಕ್ಕಳನ್ನು ಓದಿಸಿದರು, ಮದುವೆ ಮಾಡಿದರು. ಆ ಎರಡು ಊರುಗಳ ನಡುವಿನ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಅದಿರನ್ನು ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್ ಅಶೋಕನ ಹೆಸರಿರುವ ಬಂಡೆ ಶಾಸನವನ್ನು ಕಂಡರು. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಉಳಿದದ್ದು ಬಂಡೆಯ ಮೇಲೆ ಕೊರೆದ ಮಾತು. ಆ ಬಂಡೆಯ ನೆರಳಿನಲ್ಲಿ ಅಂದು ಬಾಳಿದವರ ಮನೆಗಳಲ್ಲಿ ಒಂದೂ ಇಂದು ನಿಂತಿಲ್ಲ. ಸ್ವಂತದ್ದೆಂದು ನಾವು ಹೇಳುವ ಮನೆಯಲ್ಲಿಯೂ ನಮ್ಮ ವಾಸ ಕೆಲಕಾಲದ್ದೇ.

ಆದುದರಿಂದ ಬಾಡಿಗೆ ಮನೆಯ ತಿಂಗಳುಗಳನ್ನು ಕಾಯುವ ಕೋಣೆಯಂತೆ ಕಳೆಯಬೇಡಿ. ಗಂಟುಗಳನ್ನು ಬಿಚ್ಚಿ, ಗೋಡೆಗೆ ಒಂದು ಪಟ ಹಾಕಿ, ನೆರೆಯವರ ಹೆಸರು ಕೇಳಿ. ಹಳೆಯ ಮನೆಯನ್ನು ಬಿಡುವಾಗ ಮನೆಯ ಹಿರಿಯರಿಗೆ ಒಂದು ದಿನ ಹೆಚ್ಚು ಸಮಯ ಕೊಡಿ. ಅಂಗಳದ ಮರದ ಕೆಳಗೆ ಅವರು ಸುಮ್ಮನೆ ಕುಳಿತುಕೊಳ್ಳಲಿ. ಆ ಒಂದು ದಿನವನ್ನೂ ಮೊದಲೇ ಲೆಕ್ಕದಲ್ಲಿ ಸೇರಿಸಿಕೊಳ್ಳಿ, ಕೊಂಡವರಿಂದ ಕಸಿದುಕೊಳ್ಳಬೇಡಿ.

ಸಿಂಧನೂರಿಗೆ ಹೋದಾಗ ಒಮ್ಮೊಮ್ಮೆ ಆ ಬೀದಿಯಲ್ಲಿ ಹಾದುಹೋಗುತ್ತೇನೆ. ಕಟ್ಟೆಗೆ ಬೇರೆ ಬಣ್ಣ ಬಂದಿದೆ. ಒಳಗಿನಿಂದ ಹೊಲಿಗೆ ಯಂತ್ರದ ಸದ್ದು ಕೇಳುತ್ತದೆ. ಆ ಅಜ್ಜಿ ಈಗಿಲ್ಲ. ಅವಳು ತನ್ನ ಮಗನ ಮನೆಯಲ್ಲಿ ಎರಡು ವರ್ಷವಷ್ಟೇ ಬಾಳಿದಳು. ಆ ಎರಡು ವರ್ಷಗಳಿಗೆ ಸೇರಬೇಕಾಗಿದ್ದ 32 ದಿನಗಳನ್ನು ನಾನು ಇಟ್ಟುಕೊಂಡೆ. ಅವುಗಳನ್ನು ಹಿಂದಿರುಗಿಸುವ ದಾರಿ ನನಗಿಲ್ಲ. ಇದನ್ನು ಓದುವ ನಿಮಗೆ ಆ ದಾರಿ ಇನ್ನೂ ತೆರೆದಿರಬಹುದು.